ಕಾಳಗ ಬಿಡಿಸುವವನ ಕಸುಬು

ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಕಂಡವರ ನೆನಪಿನಲ್ಲಿ ಉಳಿಯುವುದು ಬೋಳಿಸಿದ ನಾಲ್ಕು ತಲೆಗಳು, ಹದಮಾಡಿದ ಕೆಮ್ಮಣ್ಣು ಮತ್ತು ಒಂದಿಷ್ಟು ರಕ್ತ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿಗಳು ಜೋಡಿಯಾಗಿ ಮಣ್ಣಿಗಿಳಿಯುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಾಣಿಸಿದೊಡನೆ ಕಾಳಗ ಮುಗಿಯುತ್ತದೆ. ಅದಾದ ಮೇಲೆಯೇ ರಾಜವಂಶಸ್ಥರ ವಿಜಯಯಾತ್ರೆ, ಬನ್ನಿಪೂಜೆ. ಮರುದಿನದ ಪತ್ರಿಕೆಗಳಲ್ಲಿ ಗೆದ್ದವನ ಹೆಸರು, ಸೋತವನ ಹೆಸರು, ಇಬ್ಬರ ಊರು ಅಚ್ಚಾಗುತ್ತವೆ. ಆ ಚಿತ್ರಗಳ ಅಂಚಿನಲ್ಲಿ ಪೇಟ ಸುತ್ತಿಕೊಂಡು, ಮುಂದಕ್ಕೆ ಬಾಗಿ, ಕೈಗಳನ್ನು ಅಗಲಿಸಿ ನಿಂತ ಹಿರಿಯರೂ ಇರುತ್ತಾರೆ. ಅವರು ಉಸ್ತಾದರು. ಒಂದು ಕಾಲಕ್ಕೆ ತಾವೇ ಮುಷ್ಟಿಗೆ ಮೊನೆಯುಳ್ಳ ವಜ್ರನಖ ತೊಟ್ಟು ಇಳಿದಿದ್ದವರು, ಈಗ ಇಳಿಯುವವರನ್ನು ತಯಾರುಮಾಡಿ, ಜೋಡಿ ಹೊಂದಿಸಿ, ಸರಿಯಾದ ಕ್ಷಣಕ್ಕೆ ಬಿಡಿಸುವವರು. ಈ ಆಚರಣೆ ಇಷ್ಟು ಶತಮಾನ ಉಳಿದದ್ದು ಹೊಡೆದಾಡುವ ಜಟ್ಟಿಯ ಕೆಚ್ಚಿನಿಂದಲೋ ಅರಮನೆಯ ಕೃಪೆಯಿಂದಲೋ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಎರಡೂ ಅರ್ಧ ಉತ್ತರಗಳು. ಮೈಯ ಕಸುವು ಇಳಿದ ಮೇಲೂ ಕಸುಬುದಾರನಿಗೆ ಕಸುಬಿನೊಳಗೇ ಮರ್ಯಾದೆಯ ಜಾಗವೊಂದನ್ನು ಇದು ಕಾದಿರಿಸಿತ್ತು. ಉಳಿವಿನ ಗುಟ್ಟು ಅಲ್ಲಿದೆ ಎಂಬುದು ಈ ಬರಹದ ವಾದ.

ಮೊದಲು ಕಸುಬಿನವರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಕಥೆಯನ್ನು ನೋಡೋಣ. ಜಟ್ಟಿಗಳ ಕುಲಬಾಂಧವರೆನ್ನಲಾಗುವ, ಗುಜರಾತಿನ ಮೊಢೇರಾ ಸೀಮೆಯ ಜ್ಯೇಷ್ಠಿಮಲ್ಲರದು ‘ಮಲ್ಲಪುರಾಣ’ ಎಂಬ ಸಂಸ್ಕೃತ ಗ್ರಂಥ. ಬಿ. ಜೆ. ಸಾಂಡೇಸರ ಮತ್ತು ಆರ್. ಎನ್. ಮೆಹ್ತಾ ಸಂಪಾದಿಸಿದ ಇದನ್ನು 1964ರಲ್ಲಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆ ಪ್ರಕಟಿಸಿತು. ಮಲ್ಲರ ವರ್ಗ, ಸಾಮಿನ ಬಗೆಗಳು, ಪಟ್ಟುಗಳು, ಋತುವಿಗೆ ತಕ್ಕ ಆಹಾರ, ಅಖಾಡದ ಮಣ್ಣು ಎಲ್ಲವೂ ಅದರಲ್ಲಿ ಬರುತ್ತವೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದರ ಮೂಲಕಥೆ. ಕಂಸನ ಅಂಗಳದಲ್ಲಿ ಚಾಣೂರನನ್ನು ಕೆಡವಿದ ಕೃಷ್ಣ ಮುಂದೆ ಮಥುರೆಯಿಂದ ದ್ವಾರಕೆಗೆ ಹೋಗುವಾಗ ಮೊಢೇರಾದ ನೆರೆಯಲ್ಲಿ ತಂಗಿ, ಸೋಮೇಶ್ವರನೆಂಬ ಬ್ರಾಹ್ಮಣನಿಗೆ ಮಲ್ಲವಿದ್ಯೆಯನ್ನು ಕಲಿಸುತ್ತಾನೆ. ಕುಲದ ಆರಂಭವನ್ನು ಗೆದ್ದ ಕಾಳಗದಿಂದ ಎಣಿಸದೆ ಕೊಟ್ಟ ಪಾಠದಿಂದ ಎಣಿಸುವ ಪುರಾಣ ಇದು. ಭಾಗವತ ಕೇಳಿ ಬೆಳೆದ ನಮ್ಮ ಜನಕ್ಕೆ ಚಾಣೂರ ಮುಷ್ಟಿಕರ ವಧೆ ಗೊತ್ತು. ಅವರನ್ನು ಕೆಡವಿದ ಕೃಷ್ಣ ಮುಂದೆ ಗುರುವಾದದ್ದು ಜ್ಯೇಷ್ಠಿಮಲ್ಲರಿಗೆ ಬೇಕಾದ ಸಂಗತಿ. ಗುಂಡ್ಲುಪೇಟೆಯಿಂದ ಹಂಗಳದ ಮೇಲೆ ಹಾದು ಏರುವ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ, 14ನೆಯ ಶತಮಾನದ ಆರಂಭದಲ್ಲಿ ಹೊಯ್ಸಳರ ಕಾಲಕ್ಕೆ ಎದ್ದ ಗುಡಿಯಲ್ಲಿ, ಅದೇ ದೇವರು ಕೊಳಲೂದುತ್ತ ನಿಂತಿದ್ದಾನೆ. ಆ ಗುಡಿಗೂ ಜಟ್ಟಿಗಳಿಗೂ ನೇರ ನಂಟು ಕಟ್ಟುವ ಅಗತ್ಯವಿಲ್ಲ. ಬೆಟ್ಟದ ಬುಡದ ಚಾಮರಾಜನಗರ ಜಿಲ್ಲೆಯ ಹೆಸರು ವಿಜಯದಶಮಿಯ ಕಾಳಗದಲ್ಲಿ ಇಂದಿಗೂ ಕೂಗಿಸಿಕೊಳ್ಳುತ್ತದೆ ಎಂಬುದಷ್ಟೇ ಸಾಕು.

ಈ ಸೀಮೆಗೂ ಮೈಸೂರು ಮನೆತನಕ್ಕೂ ಇರುವ ಸಂಬಂಧ ಹಳೆಯದು. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ವರ್ಷಗಟ್ಟಲೆ ಇರಿಸಲ್ಪಟ್ಟಿದ್ದದ್ದು ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ. 1673ರಲ್ಲಿ ಅರಸರಾದ ಮೇಲೆ ತಂದೆಯ ನೆನಪಿಗೆ ಅವರು ಗುಂಡ್ಲುಪೇಟೆಯಲ್ಲಿ ಪರವಾಸುದೇವರ ಗುಡಿ ಕಟ್ಟಿಸಿದರು. ಅರಿಕುಠಾರ ಎಂಬ ಊರು ಚಾಮರಾಜನಗರವಾದದ್ದು 1818ರಲ್ಲಿ: ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರಿಗೆ ಅವರ ಹೆಸರನ್ನೇ ಇಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಇಂಥ ಊರಿನ ಜಟ್ಟಿಗಳು ಅರಮನೆಯ ತೊಟ್ಟಿಯಲ್ಲಿ ನಿಲ್ಲುವುದು ಸಹಜ ಎನ್ನಿಸಬಹುದು. ಹಾಗಾಗಿಯೇ ವಜ್ರಮುಷ್ಟಿಯ ಚರಿತ್ರೆಯನ್ನು ಅರಸರ ಪಟ್ಟಿಯ ಜೊತೆ ಹೊಲಿದು ಬರೆಯುವುದು ರೂಢಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ನವರಾತ್ರಿ ಆರಂಭಿಸಿದರು, ರಣಧೀರ ಕಂಠೀರವರು ಮಲ್ಲರನ್ನು ಪೋಷಿಸಿದರು, ಮುಮ್ಮಡಿಯವರು ಮುಂದುವರಿಸಿದರು ಎಂದು ಸಾಗುವ ಈ ಬರಹಗಳಲ್ಲಿ ಕೊಟ್ಟವರ ಹೆಸರುಗಳಿವೆ. ಪಡೆದವರು ಆ ಕೊಡುಗೆಯಿಂದ ತಮ್ಮೊಳಗೆ ಏನು ಕಟ್ಟಿಕೊಂಡರು ಎಂಬುದು ಇಲ್ಲ. ಅದನ್ನು ತಿಳಿಯಲು ಹಳೆಯ ದಾಖಲೆಗಳನ್ನು ಬೇರೆ ಕಣ್ಣಿನಿಂದ ಓದಬೇಕಾಗುತ್ತದೆ.

ಕನ್ನಡ ನಾಡಿನ ಮಟ್ಟಿಗೆ ಈ ಓದು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಿಂದ ಶುರುವಾಗಬೇಕು. ಸುಮಾರು 1129ರ ಈ ಸಂಸ್ಕೃತ ಕೃತಿಯಲ್ಲಿ ಅರಸನ ವಿನೋದಗಳ ನಡುವೆ ‘ಮಲ್ಲವಿನೋದ’ಕ್ಕೂ ಒಂದು ಭಾಗವಿದೆ. ವಯಸ್ಸು, ಮೈಕಟ್ಟು, ಬಲ, ದಮ್ಮು ನೋಡಿ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸುವ ಕ್ರಮವನ್ನು ಅದು ಹೇಳುತ್ತದೆ. ಮೇಲಿನ ದರ್ಜೆಯವನು ಜ್ಯೇಷ್ಠಿಕ, ನಡುವಿನವನು ಅಂತರಜ್ಯೇಷ್ಠಿಕ, ಕೆಳಗಿನವನು ಗೋವಲ; ಇನ್ನೂ ಬೆಳೆಯಬೇಕಾದ ಹುಡುಗನಿಗೆ ಭವಿಷ್ಣು ಎಂದು ಹೆಸರು. ಇವರಿಗೆ ಕಾಳು, ಮಾಂಸ, ಹಾಲು ಒದಗಿಸುವುದು ಅರಸನ ಹೊಣೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, 12ನೆಯ ಶತಮಾನಕ್ಕಾಗಲೇ ಮಲ್ಲತನವೆಂಬುದು ಊಟ ವಸತಿ ಸಮೇತ ನಡೆಯುತ್ತಿದ್ದ ಪೂರ್ಣಕಾಲದ ವೃತ್ತಿ. ಇನ್ನೊಂದು, ಸಮಬಲರನ್ನು ಮಾತ್ರ ಎದುರುಬದುರು ನಿಲ್ಲಿಸಬೇಕು ಎಂಬ ತಿಳಿವಳಿಕೆ ಆ ವಿಂಗಡಣೆಯ ಹಿಂದೆಯೇ ಇದೆ. ಯಾರು ಯಾವ ದರ್ಜೆ ಎಂದು ತೂಗುವುದು ಹೊರಗಿನವನಿಂದ ಆಗುವ ಕೆಲಸವಲ್ಲ. ಎದುರಾಳಿಯ ಹಿಡಿತವನ್ನು ತನ್ನ ಕುತ್ತಿಗೆಯ ಮೇಲೆ ಅನುಭವಿಸಿದವನಿಗೆ ಮಾತ್ರ ಆ ಕಣ್ಣು ಬರುತ್ತದೆ. ಅರಸ ನೋಡಿ ನಲಿಯುತ್ತಿದ್ದ ಆಟದ ಹಿಂದೆ ಹಳೆಯ ಮಲ್ಲರ ತೀರ್ಪು ಕೆಲಸಮಾಡುತ್ತಿತ್ತು ಎಂದು ತಿಳಿಯಲು ಇಷ್ಟು ಸಾಕು.

ನಾಲ್ಕು ಶತಮಾನಗಳ ಬಳಿಕ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸರು ಇದನ್ನು ಇನ್ನಷ್ಟು ಸ್ಪಷ್ಟಮಾಡುತ್ತಾರೆ. ಕೃಷ್ಣದೇವರಾಯನ ಕಾಲಕ್ಕೆ, ಸುಮಾರು 1520ರಲ್ಲಿ, ಅಲ್ಲಿದ್ದ ಡೊಮಿಂಗೊ ಪಾಯೆಸ್‌ಗೆ ಈ ಮಲ್ಲಯುದ್ಧ ತನ್ನ ನಾಡಿನದಕ್ಕಿಂತ ಬೇರೆಯಾಗಿ ಕಂಡಿತು. ಹಲ್ಲು ಮುರಿಯುವ, ಮುಖ ಕೆಡುವ ಹೊಡೆತಗಳನ್ನೂ ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುವುದನ್ನೂ ಅವನು ಬರೆದಿದ್ದಾನೆ. ಅದೇ ಉಸಿರಿನಲ್ಲಿ, ಇವರಿಗೆ ನಾಯಕರೂ ತೀರ್ಪುಗಾರರೂ ಇದ್ದು ಇಬ್ಬರನ್ನೂ ಸಮನಾಗಿ ನಿಲ್ಲಿಸುವುದು, ಗೆದ್ದವನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಿಸುವುದು ಅವರ ಕೆಲಸ ಎಂದೂ ಹೇಳುತ್ತಾನೆ. ಹದಿನೈದು ವರ್ಷಗಳಷ್ಟು ತರುವಾಯ ಬರೆದ ಫೆರ್ನಾವ್ ನೂನಿಜ್, ಅರಸನ ಬಳಿ ಇಂಥ ಸಾವಿರ ಮಂದಿ ಇದ್ದರೆಂದೂ ಮೊನೆಯುಳ್ಳ ಬಳೆಯಂಥ ಆಯುಧವನ್ನು ಕೈಯಲ್ಲಿ ಹಿಡಿದು ಗಾಯಮಾಡಿಕೊಳ್ಳುತ್ತಿದ್ದರೆಂದೂ ತಿಳಿಸುತ್ತಾನೆ. ಬಹಳ ಗಾಯವಾದವನಿಗೆ ರೇಷ್ಮೆವಸ್ತ್ರ ಸಿಗುತ್ತಿತ್ತು. ಅವರ ಮೇಲೆ ಒಬ್ಬ ಮುಖ್ಯಸ್ಥನಿದ್ದ, ರಾಜ್ಯದಲ್ಲಿ ಅವರಿಗೆ ಬೇರೆ ಯಾವ ಚಾಕರಿಯೂ ಇರಲಿಲ್ಲ ಎಂಬ ಅವನ ಮಾತು ಈ ಬರಹಕ್ಕೆ ಬಲು ಮುಖ್ಯ. ಇಂದಿನ ವಜ್ರಮುಷ್ಟಿಯ ಮೂರು ಕಂಬಗಳು ಇಲ್ಲಿ ಒಟ್ಟಿಗೆ ಕಾಣುತ್ತವೆ: ಮುಷ್ಟಿಗೆ ತೊಟ್ಟ ಆಯುಧ, ಅರಸನ ಹಬ್ಬ, ಮತ್ತು ಹೊಡೆದಾಡುವವರಿಗಿಂತ ಮೇಲಿನ ಒಬ್ಬ ಮೇಟಿ. ಭಾಷೆ ಬಾರದ ಪರದೇಶಿಯ ಕಣ್ಣಿಗೂ ಮೂರನೆಯವನು ತಪ್ಪಲಿಲ್ಲ. ನಮ್ಮ ವರದಿಗಳಲ್ಲಿ ಅವನು ಅಂಚಿಗೆ ಸರಿದಿದ್ದಾನೆ.

ಶ್ರೀರಂಗಪಟ್ಟಣದ ನವರಾತ್ರಿಯನ್ನು 1648ರ ‘ಕಂಠೀರವ ನರಸರಾಜ ವಿಜಯ’ದಲ್ಲಿ ಗೋವಿಂದ ವೈದ್ಯ ವಿಸ್ತಾರವಾಗಿ ಬಣ್ಣಿಸಿದ್ದಾನೆ. ಅಲ್ಲಿಯ ನೋಟಗಳಲ್ಲಿ ಮಲ್ಲರ ಕಾಳಗವೂ ಒಂದು. ಆದರೆ ಕಸುಬಿನ ಚರಿತ್ರೆಯಲ್ಲಿ ಮುಚ್ಚಿಡಬಾರದ ಕಪ್ಪು ಪುಟವೂ ಇದೇ ಊರಿನದು. ಹೈದರ್ ಮತ್ತು ಟಿಪ್ಪುವಿನ ಸೆರೆಯಲ್ಲಿದ್ದ ಇಂಗ್ಲಿಷರ ಬರಹಗಳಲ್ಲಿ ಜಟ್ಟಿಗಳು ಮರಣದಂಡನೆಯನ್ನು ನಡೆಸುವವರಾಗಿ, ಕತ್ತು ತಿರುಚಿ ಕೊಲ್ಲುವವರಾಗಿ ಬರುತ್ತಾರೆ. ಸೆರೆಯಾಳಾಗಿದ್ದ ಜೇಮ್ಸ್ ಸ್ಕರ್ರಿ 1824ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬೆರಳಿಗೆ ಉಕ್ಕಿನ ಉಗುರು ತೊಟ್ಟು ಅವರು ಕಾದಾಡುತ್ತಿದ್ದ ರೀತಿಯನ್ನೂ ಬರೆದಿದ್ದಾನೆ. ಶತ್ರುಗಳ ಬರಹವೆಂದು ಇವನ್ನು ಪೂರಾ ತಳ್ಳಿಹಾಕಲಾಗದು. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಸಂಪುಟಗಳೂ ಜಟ್ಟಿಗಳ ಈ ಹಳೆಯ ಕೆಲಸವನ್ನು ನೆನೆಯುತ್ತವೆ. ಇದರಿಂದ ತಿಳಿಯುವುದೇನು? ಒಂದೇ ಮೈ, ಒಂದೇ ಪಟ್ಟು, ಒಂದೇ ತಾಲೀಮು ದೊರೆಯ ಆಜ್ಞೆಗೆ ಸಿಕ್ಕರೆ ಕೊಲೆಯಾಗುತ್ತದೆ, ಉಸ್ತಾದನ ಕಣ್ಣಳತೆಗೆ ಸಿಕ್ಕರೆ ಕಾಳಗವಾಗುತ್ತದೆ. ಹಾಗಾಗಿ ವಜ್ರಮುಷ್ಟಿಯನ್ನು ಅಳೆಯಬೇಕಾದದ್ದು ಹೊಡೆತದ ಬಲದಿಂದಲ್ಲ, ಹೊಡೆತಕ್ಕೆ ಹಾಕಿದ ಕಟ್ಟುಪಾಡಿನಿಂದ.

ಆ ಕಟ್ಟುಪಾಡು ಆಯುಧದ ರಚನೆಯಲ್ಲೇ ಅಡಗಿತ್ತೆಂಬುದನ್ನು ಬಿಡಿಸಿ ಬರೆದವನು ಮಾರ್ಕ್ ವಿಲ್ಕ್ಸ್. 19ನೆಯ ಶತಮಾನದ ಮೊದಲ ದಶಕದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಈತ, 1810 ಮತ್ತು 1817ರ ನಡುವೆ ಹೊರಬಂದ ತನ್ನ ಚರಿತ್ರೆಯ ಸಂಪುಟಗಳಲ್ಲಿ ಜಟ್ಟಿಗಳ ವಜ್ರನಖವನ್ನು ಸೂಕ್ಷ್ಮವಾಗಿ ವರ್ಣಿಸುತ್ತಾನೆ. ಎಮ್ಮೆಯ ಕೊಂಬಿನದು, ಬೆರಳ ಗೆಣ್ಣುಗಳಂತೆ ನಾಲ್ಕು ಚೂಪು ಮೊನೆ, ಕಿರುಬೆರಳ ಕಡೆಗೆ ಉದ್ದನೆಯ ಐದನೆಯ ಮೊನೆ. ಮುಷ್ಟಿಯಲ್ಲಿ ಗಟ್ಟಿಯಾಗಿ ಕೂರಿಸಿದ್ದರೆ ಸಾಮಾನ್ಯ ಬಲದವನೂ ಒಂದೇ ಏಟಿಗೆ ತಲೆ ಸೀಳಬಹುದಿತ್ತು. ಆದರೆ ಅದನ್ನು ಬೆರಳುಗಳ ಕೀಲುಗಳ ನಡುವೆ ಬರುವಂತೆ ಕಟ್ಟುತ್ತಿದ್ದರು. ಜೋರಾಗಿ ಗುದ್ದಲು ಹೋದರೆ ಹೊಡೆದವನ ಬೆರಳೇ ಕೀಲು ತಪ್ಪುತ್ತದೆ. ಕೊಲ್ಲಬಲ್ಲ ಆಯುಧವನ್ನು ಕೊಲ್ಲಲಾರದ ಹಾಗೆ ಕಟ್ಟುವ ಈ ಜಾಣತನ ಕಣದಲ್ಲಿ ಕುದಿಯುತ್ತಿರುವ ಹರೆಯದವನಿಗೆ ಹೊಳೆಯುವಂಥದಲ್ಲ. ಕಣದ ಹೊರಗೆ ನಿಂತು ಹತ್ತಾರು ಕಾಳಗ ನೋಡಿದವನಿಗೆ ಹೊಳೆಯುವಂಥದು. ಬೋಳಿಸಿದ ತಲೆಯಲ್ಲಿ ಚಿಕ್ಕ ಗೀರಾದರೂ ರಕ್ತ ಥಟ್ಟನೆ ಕಾಣುತ್ತದೆ, ಕಾಳಗ ಅಲ್ಲಿಗೇ ನಿಲ್ಲುತ್ತದೆ. ಕ್ಷೌರ, ಕಟ್ಟು, ಮೊದಲ ರಕ್ತಕ್ಕೆ ಮುಕ್ತಾಯ ಎಂಬ ಈ ಮೂರೂ ನಿಯಮಗಳು ಒಂದೇ ಕಡೆಗೆ ಬೆರಳು ಮಾಡುತ್ತವೆ: ನೋಡುವವರಿಗೆ ಭೀಕರತೆ ಉಳಿಯಬೇಕು, ಆಡುವವನಿಗೆ ಬದುಕು ಉಳಿಯಬೇಕು.

ಹಾಗಾದರೆ ಉಸ್ತಾದನ ಕೆಲಸವೇನು? ಮೊದಲನೆಯದು ಜೋಡಿ ಕಟ್ಟುವುದು. ಹಬ್ಬಕ್ಕೆ ಮುಂಚೆಯೇ ಬೇರೆ ಬೇರೆ ಊರಿನ ಹುಡುಗರನ್ನು ಎದುರು ನಿಲ್ಲಿಸಿ, ಎತ್ತರ, ತೂಕ, ತೋಳಿನ ನೀಳ ನೋಡಿ ಯಾರಿಗೆ ಯಾರು ಎಂದು ನಿರ್ಧರಿಸುವುದು. ದೊಡ್ಡಕೆರೆ ಮೈದಾನದ ಸಾಹುಕಾರ್ ಚೆನ್ನಯ್ಯ ಕುಸ್ತಿ ಅಖಾಡದಲ್ಲಿ ದಸರಾ ಕುಸ್ತಿಗೆ ನಡೆಯುವ ಜೋಡಿ ಕಟ್ಟುವ ಕಾರ್ಯಕ್ರಮಕ್ಕೂ ಇದೇ ತತ್ವ. ಜೋಡಿ ತಪ್ಪಿದರೆ ಒಬ್ಬನಿಗೆ ಅಪಾಯ, ಇನ್ನೊಬ್ಬನಿಗೆ ಅವಮಾನ, ಎರಡು ಊರುಗಳ ನಡುವೆ ಮನಸ್ತಾಪ. ಎರಡನೆಯದು ಸಾಮು: ದಂಡ, ಬಸ್ಕಿ, ಗದೆ, ಕಲ್ಲುಗುಂಡು, ಮಟ್ಟಿಯಲ್ಲಿ ಹಿಡಿತ ಬಿಡಿತ. ಮೂರನೆಯದು ಬಿಡಿಸುವುದು. ಕೆಲವೇ ಕ್ಷಣಗಳ ಕಾಳಗದಲ್ಲಿ ರಕ್ತ ಕಂಡ ಮತ್ತು ಮುಂದಿನ ಏಟು ಬೀಳುವ ನಡುವಿನ ಸಣ್ಣ ಸಂದಿಯಲ್ಲಿ ಇಬ್ಬರ ಮಧ್ಯೆ ನುಗ್ಗಬೇಕು. ಇದಕ್ಕೆ ಮೈ ಬೇಕು, ಮೈಗಿಂತ ಹೆಚ್ಚಾಗಿ ಏಟು ಎಲ್ಲಿಂದ ಬರುತ್ತದೆಂಬ ಮುನ್ನರಿವು ಬೇಕು. ನಾಲ್ಕನೆಯದು ಮೂಳೆ. ತಪ್ಪಿದ ಕೀಲು ಕೂರಿಸುವುದರಲ್ಲಿ ಜಟ್ಟಿಗಳು ನಿಪುಣರೆಂಬ ಹೆಸರಿತ್ತು. ಥರ್ಸ್ಟನ್ ಕಾಲದ ಬರಹಗಳೂ ಇದನ್ನು ಗುರುತಿಸಿವೆ. ಕೀಲು ಮುರಿಯುವುದನ್ನು ಬಲ್ಲವನೇ ಕೂರಿಸುವುದನ್ನೂ ಬಲ್ಲ. ಹೀಗೆ ಉಸ್ತಾದ ವರ್ಷದ ಒಂದು ದಿನ ಅರಮನೆಗೆ ಬೇಕಾದವನಾದರೆ, ಉಳಿದ ದಿನಗಳಲ್ಲಿ ಗಾಡಿಯಿಂದ ಬಿದ್ದವನಿಗೆ, ಮರದಿಂದ ಜಾರಿದವನಿಗೆ ಬೇಕಾದವನು. ಕಣ ಬಿಟ್ಟ ಮೇಲೂ ವಿದ್ಯೆ ಕೈಬಿಡಲಿಲ್ಲ.

ಈ ಮಾದರಿ ಜಟ್ಟಿಗಳ ಮನೆಯೊಳಗಷ್ಟೇ ಉಳಿಯಲಿಲ್ಲ. ಹಳೇ ಮೈಸೂರಿನ ಊರೂರಿನ ಗರಡಿಗಳಲ್ಲೂ ಇದೇ ಏಣಿಯ ಮೆಟ್ಟಿಲುಗಳು ಕಾಣುತ್ತವೆ. ಹುಡುಗನಾಗಿ ಮಟ್ಟಿ ಅಗೆದು ಹದಮಾಡುವ ಕೆಲಸದಿಂದ ಶುರುವಾಗಿ, ಪೈಲ್ವಾನನಾಗಿ ಜಾತ್ರೆ ದಸರಾಗಳಲ್ಲಿ ಕುಸ್ತಿ ಹಿಡಿದು, ಕೊನೆಗೆ ಆಂಜನೇಯನ ಪಟದ ಪಕ್ಕದಲ್ಲಿ ಉಸ್ತಾದನಾಗಿ ಕೂರುವುದು. ಗರಡಿಗೆ ಬರುವವರಲ್ಲಿ ಹಲವು ಜಾತಿಯವರಿದ್ದರು, ಮುಸಲ್ಮಾನರೂ ಇದ್ದರು. ಇಲ್ಲಿ ಉಸ್ತಾದನಾಗಲು ಬೇಕಾದದ್ದು ಮಣ್ಣಿನಲ್ಲಿ ಕಳೆದ ವರ್ಷಗಳು ಮತ್ತು ಹುಡುಗರು ಮಾತು ಕೇಳುವಂಥ ನಡತೆ. ಕಲಿಸುವುದಕ್ಕೆ ಸಂಬಳವೆಂಬುದು ಬಹುತೇಕ ಇರಲಿಲ್ಲ. ಹಬ್ಬಕ್ಕೆ ಎಲೆ ಅಡಿಕೆ, ಪಂಚೆ, ಊರಿನ ನ್ಯಾಯದಲ್ಲಿ ಒಂದು ಮಾತು. ಇಂದಿನ ಲೆಕ್ಕದಲ್ಲಿ ಇದು ಅಲ್ಪ. ಆದರೆ ಮೂವತ್ತೈದಕ್ಕೆ ಮೈ ಸೋಲುವ ಕಸುಬಿನಲ್ಲಿ ಮೂವತ್ತಾರನೆಯ ವರ್ಷದಿಂದ ಏನು ಎಂಬ ಪ್ರಶ್ನೆಗೆ ಊರೇ ಒಂದು ಉತ್ತರ ಇಟ್ಟುಕೊಂಡಿತ್ತು ಎಂಬುದು ಅಲ್ಪವಲ್ಲ.

ಈ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪ ಜಾತಿಯದು. ಜಟ್ಟಿತನ ವಂಶದಿಂದ ಬಂದದ್ದು, ಅಪ್ಪನಿಂದ ಮಗನಿಗೆ ಸಾಗಿದ್ದು. ಉಳಿವಿಗೆ ಕಾರಣ ಕುಲವೇ ಹೊರತು ಉಸ್ತಾದನಲ್ಲ ಎನ್ನಬಹುದು. ಕುಲದ ಪಾತ್ರ ದೊಡ್ಡದೆಂಬುದು ನಿಜ. ಇಳಿಯಲು ಸಿದ್ಧನಾದ ಹುಡುಗನನ್ನು ಕುಲ ಒದಗಿಸುತ್ತದೆ. ಆದರೆ ಕಾಳಗಕ್ಕೆ ಇಬ್ಬರು ಬೇಕು, ಮತ್ತು ಆ ಇಬ್ಬರು ಒಂದೇ ಮನೆಯವರಲ್ಲ. ಚಾಮರಾಜನಗರದ ಮಗನೊಬ್ಬನ ತಲೆಯ ಮೇಲೆ ಚನ್ನಪಟ್ಟಣದ ಮಗನೊಬ್ಬ ಮೊನೆಯಾಡಿಸುತ್ತಾನೆ, ಸಂಜೆಗೆ ಎರಡೂ ಕಡೆಯವರು ಒಟ್ಟಿಗೆ ಉಣ್ಣಬೇಕು. ಈ ನಂಬಿಕೆಯನ್ನು ರಕ್ತಸಂಬಂಧ ಕೊಡುವುದಿಲ್ಲ, ಎರಡೂ ಊರುಗಳು ಒಪ್ಪುವ ಹಿರಿಯರ ತೀರ್ಪು ಕೊಡುತ್ತದೆ. ಇನ್ನೊಂದು ಮಾತು: ವಂಶಪಾರಂಪರ್ಯದ ಕಸುಬುಗಳೆಲ್ಲ ಉಳಿದಿಲ್ಲ. ಅರಮನೆಗೆ ಅಂಟಿಕೊಂಡಿದ್ದ ಎಷ್ಟೋ ಕುಲಕಸುಬುಗಳು ಒಂದೆರಡು ತಲೆಮಾರಿನಲ್ಲಿ ಕಳಚಿಹೋದವು, ಕುಲಗಳು ಹಾಗೇ ಉಳಿದವು. ಕುಲವೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಅರಮನೆಯದು. ಒಡೆಯರ ಆಶ್ರಯ ಇಲ್ಲದಿದ್ದರೆ ವಜ್ರಮುಷ್ಟಿ ಎಂದೋ ಮುಗಿಯುತ್ತಿತ್ತು ಎನ್ನುವವರ ಮಾತನ್ನು ಪೂರ್ತಿ ಅಲ್ಲಗಳೆಯಲು ಬರುವುದಿಲ್ಲ. ಇಂದಿಗೂ ಕಣ ಅರಮನೆಯದೇ. ಆದರೆ ಆಶ್ರಯದ ಚರಿತ್ರೆ ನೇರಗೆರೆಯಲ್ಲ. 1831ರಲ್ಲಿ ಬ್ರಿಟಿಷರು ಮುಮ್ಮಡಿಯವರಿಂದ ಆಡಳಿತ ಕಸಿದರು, 1881ರಲ್ಲಿ ಮನೆತನಕ್ಕೆ ಮರಳಿಸಿದರು. ಸ್ವಾತಂತ್ರ್ಯದ ನಂತರ ರಾಜ್ಯವೇ ಹೋಯಿತು, 1971ರಲ್ಲಿ ರಾಜಧನವೂ ರದ್ದಾಯಿತು, ಅಂಬಾರಿಯಲ್ಲಿ ಅರಸ ಕೂರುತ್ತಿದ್ದ ಜಾಗಕ್ಕೆ ಚಾಮುಂಡೇಶ್ವರಿಯ ವಿಗ್ರಹ ಬಂತು. ಹಳೆಯ ದಸರೆಗಳಲ್ಲಿ ಪ್ರಾಣಿಗಳ ಕಾಳಗಕ್ಕೂ ಅರಸರ ಆಶ್ರಯವಿತ್ತು, ಅದು ಇಂದು ಇಲ್ಲ. ಒಂದೇ ಆಶ್ರಯದಲ್ಲಿ ಒಂದು ಅಳಿದು ಇನ್ನೊಂದು ಉಳಿದಿದ್ದರೆ ವ್ಯತ್ಯಾಸಕ್ಕೆ ಕಾರಣವನ್ನು ಆಶ್ರಯದ ಹೊರಗೆ ಹುಡುಕಬೇಕು. ಪ್ರಾಣಿಕಾಳಗಕ್ಕೆ ಕಾಲದ ಪ್ರಶ್ನೆಗೆ ಉತ್ತರಿಸುವ ದಾರಿಯಿರಲಿಲ್ಲ. ವಜ್ರಮುಷ್ಟಿಗೆ ಇತ್ತು: ಅಪಾಯವನ್ನು ಎಲ್ಲಿಗೆ ನಿಲ್ಲಿಸಬೇಕೆಂದು ಬಲ್ಲ, ಆ ಗೆರೆಯನ್ನು ಕಾಲಕ್ಕೆ ತಕ್ಕಂತೆ ಮುಂದೆ ಹಿಂದೆ ಸರಿಸಬಲ್ಲ ಮನುಷ್ಯರು ಅದರೊಳಗಿದ್ದರು. ಆಶ್ರಯದಿಂದ ಕಣ ಸಿಗುತ್ತದೆ, ಕಣದೊಳಗಿನ ವಿವೇಕ ಸಿಗುವುದಿಲ್ಲ.

ಮೂರನೆಯದು ನೀತಿಯ ಆಕ್ಷೇಪ. ರಕ್ತ ಹರಿಸುವುದನ್ನು ಕಲೆಯೆಂದು ಹೊಗಳುವುದು ಸರಿಯೇ? ಇಲ್ಲಿ ದೂರದ ಒಂದು ಆಟವನ್ನು ನೆನೆಯುವುದು ಉಪಯುಕ್ತ. ಕೆನಡಾ ಮತ್ತು ಅಮೆರಿಕದ ವೃತ್ತಿಪರ ಐಸ್ ಹಾಕಿಯಲ್ಲಿ ಆಟಗಾರರು ಕೈಗವಸು ಎಸೆದು ಮುಷ್ಟಿಯುದ್ಧಕ್ಕೆ ಇಳಿಯುವುದು ಲೋಕಪ್ರಸಿದ್ಧ. ನ್ಯಾಷನಲ್ ಹಾಕಿ ಲೀಗ್ 1922ರಲ್ಲಿ ಇದಕ್ಕೆ ಐದು ನಿಮಿಷದ ಶಿಕ್ಷೆಯ ನಿಯಮ ಮಾಡಿತು. ಆಟದಿಂದ ಹೊರಗಟ್ಟುವ ಬದಲು ಲೆಕ್ಕದೊಳಗೆ ತಂದಿತು. ಆ ಹೊಡೆದಾಟಗಳಿಂದ ಮಿದುಳಿಗಾಗುವ ಹಾನಿಯ ಬಗ್ಗೆ ಇಂದು ಅಲ್ಲಿ ಗಂಭೀರ ಚರ್ಚೆ ನಡೆದಿದೆ. ಅದೇ ಆಟದಲ್ಲಿ ಆಟಗಾರ ತರಬೇತುದಾರನಾಗುವುದೂ ಹಳೆಯ ಪದ್ಧತಿ. ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಟೋ ಬ್ಲೇಕ್ 1948ರಲ್ಲಿ ಕಾಲು ಮುರಿದು ಆಟ ಬಿಟ್ಟ. 1955ರಲ್ಲಿ ಅದೇ ತಂಡಕ್ಕೆ ತರಬೇತುದಾರನಾಗಿ ಮರಳಿ 1968ರೊಳಗೆ ಎಂಟು ಸಲ ಸ್ಟಾನ್ಲಿ ಕಪ್ ಗೆಲ್ಲಿಸಿದ. 1928ರ ಸ್ಟಾನ್ಲಿ ಕಪ್ ಸರಣಿಯಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡದ ಗೋಲ್‌ಕೀಪರ್ ಕಣ್ಣಿಗೆ ಪೆಟ್ಟಾದಾಗ 44 ವರ್ಷದ ತರಬೇತುದಾರ ಲೆಸ್ಟರ್ ಪ್ಯಾಟ್ರಿಕ್ ತಾನೇ ಗೋಲಿಗೆ ನಿಂತು ಪಂದ್ಯ ಉಳಿಸಿದ. ಇವರಿಗೂ ನಮ್ಮ ಉಸ್ತಾದರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಬ್ಲೇಕ್‌ನ ಕೆಲಸ ತನ್ನವರನ್ನು ಗೆಲ್ಲಿಸುವುದು. ತಡೆಯುವುದು ತೀರ್ಪುಗಾರನ ಪಾಲು. ಉಸ್ತಾದನ ಮೈಯಲ್ಲಿ ಎರಡೂ ಪಾಲುಗಳು ಒಂದಾಗಿವೆ. ಗೆಲ್ಲಲು ಕಲಿಸಿದವನೇ ನಿಲ್ಲಿಸಬೇಕು, ಎದುರಾಳಿಯ ಪ್ರಾಣವೂ ಅವನ ಹೊಣೆ. ವಜ್ರಮುಷ್ಟಿಯನ್ನು ನೀತಿಯ ತಕ್ಕಡಿಯಲ್ಲಿ ತೂಗುವಾಗ ಒಂದು ತಟ್ಟೆಯಲ್ಲಿ ರಕ್ತವಿದ್ದರೆ ಇನ್ನೊಂದರಲ್ಲಿ ಈ ಹೊಣೆಯನ್ನೂ ಇಡಬೇಕು. ಅಷ್ಟಾದ ಮೇಲೂ ಬೇಡವೆನ್ನುವವರ ಮಾತಿಗೆ ಗೌರವವಿದೆ, ಆದರೆ ಅದು ಹುಚ್ಚು ಕ್ರೌರ್ಯವೆಂಬ ಮಾತು ನಿಲ್ಲುವುದಿಲ್ಲ.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಇಂದಿನ ವಜ್ರಮುಷ್ಟಿ ವರ್ಷಕ್ಕೊಮ್ಮೆ ಕೆಲವು ಕ್ಷಣ ನಡೆಯುವ ವಿಧಿ. ಮಾನಸೋಲ್ಲಾಸ, ಮಲ್ಲಪುರಾಣಗಳು ಹೇಳುವ ಹಿಡಿತಗಳು, ಕೆಡಹುವ ಪಟ್ಟುಗಳು, ನೆಲದ ಮೇಲಿನ ಸೆಣಸಾಟ ಯಾವುದಕ್ಕೂ ಅಲ್ಲಿ ಎಡೆಯಿಲ್ಲ. ನೆರಳಾಗಿ ಉಳಿದದ್ದನ್ನು ಉಳಿವು ಎನ್ನುವುದು ಹೇಗೆ? ಇದನ್ನು ಒಪ್ಪಲೇಬೇಕು. ಕಾಳಗ ಚಿಕ್ಕದಾಗಲು ಉಸ್ತಾದರ ಎಚ್ಚರಿಕೆಯೂ ಒಂದು ಕಾರಣವೆಂದು ಸಮಾಧಾನ ಹೇಳಬಹುದಾದರೂ, ವಿದ್ಯೆ ಸೊರಗಿದ್ದು ಸುಳ್ಳಲ್ಲ. ಆದರೆ ಸೊರಗಿದ ಬಗೆಯೇ ನಮ್ಮ ವಾದಕ್ಕೆ ಸಾಕ್ಷಿ. ಆಯುಧ ಉಳಿದಿದೆ, ಹಬ್ಬ ಉಳಿದಿದೆ, ಇಳಿಯುವ ಹುಡುಗರೂ ಸಿಗುತ್ತಾರೆ. ಕಡಿಮೆಯಾದದ್ದು ವರ್ಷವಿಡೀ ಕಲಿಸುವ ನೆಲೆ. ವಿಧಿಗೆ ಬೇಕಾದಷ್ಟನ್ನು ಮಾತ್ರ ಕಲಿಸುವ ಪರಿಸ್ಥಿತಿ ಬಂದಾಗ ಉಸ್ತಾದನಲ್ಲಿ ಮಿಕ್ಕ ವಿದ್ಯೆ ಅವನ ಜೊತೆಗೇ ಮುಗಿಯುತ್ತದೆ. ಅಂದರೆ ಕಸುಬು ಕುಗ್ಗಿದ್ದು ಕಣದಲ್ಲಲ್ಲ, ಕಣಕ್ಕೆ ಮುಂಚಿನ ತಿಂಗಳುಗಳಲ್ಲಿ.

ಸರ್ಕಾರದ ನೋಟವೂ ಇಲ್ಲಿ ಪರಿಶೀಲನೆಗೆ ಅರ್ಹ. ಸ್ವತಂತ್ರ ಭಾರತ ಆಟಗಾರರಿಗೆ ಅರ್ಜುನ ಪ್ರಶಸ್ತಿಯನ್ನು 1961ರಲ್ಲಿ ಆರಂಭಿಸಿತು. ಅದೇ ವರ್ಷ ಪಟಿಯಾಲದಲ್ಲಿ ತರಬೇತುದಾರರನ್ನು ತಯಾರಿಸುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತೆರೆಯಿತು. ಆದರೆ ಕಲಿಸಿದವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ, ಇಪ್ಪತ್ತನಾಲ್ಕು ವರ್ಷ ತಡವಾಗಿ. ಮೊದಲ ವರ್ಷ ಪಡೆದ ಮೂವರಲ್ಲಿ ಕುಸ್ತಿಯ ಭಾಲಚಂದ್ರ ಭಾಸ್ಕರ ಭಾಗವತ್ ಒಬ್ಬರು. ಮೈದಾನದ ಹಾಕಿಯಲ್ಲಿ ಆಟಗಾರ ಗುರುವಾಗುವ ದಾರಿ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು: 1973ರ ವಿಶ್ವಕಪ್‌ನಲ್ಲಿ ನಾಯಕನಾಗಿ ಬೆಳ್ಳಿ ತಂದ ಕೊಡಗಿನ ಎಂ. ಪಿ. ಗಣೇಶ್ ಮುಂದೆ ಭಾರತ ತಂಡಕ್ಕೆ ತರಬೇತಿ ಕೊಟ್ಟರು, ಬೆಂಗಳೂರಿನ ಜೂಡ್ ಫೆಲಿಕ್ಸ್ ನಾಯಕತ್ವದ ನಂತರ ಬಡಮಕ್ಕಳಿಗೆ ಹಾಕಿ ಕಲಿಸಿ 2020ರಲ್ಲಿ ದ್ರೋಣಾಚಾರ್ಯ ಪಡೆದರು. ಆ ಆಟಗಳಿಗೆ ಸಂಘ, ಸಂಸ್ಥೆ, ಪ್ರಮಾಣಪತ್ರಗಳಿವೆ. ಜಟ್ಟಿ ಉಸ್ತಾದನಿಗೆ ಅವು ಯಾವುವೂ ಇಲ್ಲ. ದಸರಾ ಕುಸ್ತಿಯಲ್ಲಿ ದಸರಾ ಕೇಸರಿ, ದಸರಾ ಕಂಠೀರವ, ದಸರಾ ಕುಮಾರ, ದಸರಾ ಕಿಶೋರಿ ಎಂದು ಬಿರುದುಗಳಿವೆ. ಎಲ್ಲವೂ ಹಿಡಿದು ಗೆದ್ದವರಿಗೆ, ಹಿಡಿಯಲು ಕಲಿಸಿದವರಿಗೆ ಒಂದೂ ಇಲ್ಲ. ಜೋಡಿ ಕಟ್ಟಿ ಬಿಡಿಸಿದವನಿಗೆ ಗೆದ್ದವನಷ್ಟೇ ಲೆಕ್ಕದ ಜಾಗ ಸಿಗಬೇಕೆಂಬುದು ಹೊಸ ಬೇಡಿಕೆಯೇನಲ್ಲ. ಪಾಯೆಸ್ ಕಂಡ ಮಹಾನವಮಿಯಲ್ಲಿ ಮನ್ನಣೆ ಸಲ್ಲಿಸುವ ಅಧಿಕಾರವೇ ಅವನ ಕೈಯಲ್ಲಿತ್ತು.

ಒಂದು ಕಸುಬು ಬದುಕಿದೆಯೇ ಎಂದು ತಿಳಿಯಲು ಅದನ್ನು ಮಾಡುವವರನ್ನು ಎಣಿಸುವುದು ನಮ್ಮ ರೂಢಿ. ಈ ವಿಜಯದಶಮಿಗೆ ಎಷ್ಟು ಜೋಡಿ ಇಳಿದವು ಎಂಬ ಎಣಿಕೆ ಹಬ್ಬಕ್ಕೆ ಸಾಕು, ಚರಿತ್ರೆಗೆ ಸಾಲದು. ಚಾಮರಾಜನಗರದಿಂದ ಹೋದ ಹುಡುಗ ಹತ್ತು ವರ್ಷದ ಬಳಿಕ ಏನಾಗಿದ್ದಾನೆ, ಅವನ ಕೈಕೆಳಗೆ ಯಾರು ಸಾಮು ಮಾಡುತ್ತಿದ್ದಾರೆ, ಅವನ ಮಾತಿಗೆ ಚನ್ನಪಟ್ಟಣದವರು ತಲೆದೂಗುತ್ತಾರೆಯೇ ಎಂದು ಕೇಳಬೇಕು. ಗೆದ್ದವನು ಒಂದು ಹಬ್ಬಕ್ಕೆ ಬೇಕಾದವನು, ಕಲಿಸಲು ಉಳಿದವನು ಮುಂದಿನ ಹಬ್ಬಗಳಿಗೆಲ್ಲ ಬೇಕಾದವನು. ಮಾನಸೋಲ್ಲಾಸದ ಕಾಲದಿಂದ ಈವರೆಗೆ ಅರಸು ಮನೆತನಗಳು ಬಂದುಹೋದವು, ಆಯುಧದ ಆಕಾರ ಬದಲಾಯಿತು, ಕಾಳಗದ ಅವಧಿ ಕಿರಿದಾಯಿತು. ಹೊಡೆದಾಡಿ ಮುಗಿಸಿದವನೊಬ್ಬ ಹೊಡೆದಾಡುವವರ ನಡುವೆ ನಿಲ್ಲುತ್ತಾನೆ ಎಂಬ ಏರ್ಪಾಡು ಬದಲಾಗಲಿಲ್ಲ. ಉಳಿದದ್ದೆಲ್ಲ ಕಟ್ಟಿ ನಿಂತಿರುವುದು ಆ ಏರ್ಪಾಡಿನ ಮೇಲೆ; ವಜ್ರಮುಷ್ಟಿಯನ್ನು ಉಳಿಸುವ ಯಾವ ಯೋಜನೆಯಾದರೂ ಹಣದ ಮೊದಲ ಪಾಲನ್ನು ಅಲ್ಲಿಂದಲೇ ಹಂಚಲು ಶುರುಮಾಡಬೇಕು.